ಪೇಟೆಯ ಮನೆಯಿಂದ ಅಕ್ಕಲಕೋಟ ರಸ್ತೆಗೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಇಂದು ಕೂಡಿರುವ ಸ್ಥಳವನ್ನೇ ಮೊದಲು ಗಮನಿಸಬೇಕಾಗಿದೆ. ಸೊಲ್ಲಾಪುರದ ಕನ್ನಡಿಗರು ಒಂದೆಡೆ ಸೇರಬೇಕೆಂದರೆ ಹಿಂದೆ ಬಾಳಿವೇಸು, ಕಸಬಾ, ಶುಕ್ರವಾರ ಪೇಟೆ, ಮಂಗಳವಾರ ಪೇಟೆಗಳ ಯಾವದಾದರೊಂದು ಮಠದಲ್ಲಿಯೋ ವಾಡೆಯ ಪಡಸಾಲೆಯಲ್ಲಿಯೋ ಸೇರುತ್ತಿದ್ದರು. ಇಂದು ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಮಗ್ಗಗಳ ಸದ್ದು ಕಿವಿಗೆ ಬೀಳುವಷ್ಟು ಸಮೀಪದಲ್ಲಿ ಸೇರಿದ್ದೇವೆ. ಸಭೆಯು ಊರಿನ ನಡುವಿನಿಂದ ಊರಿನ ಅಂಚಿಗೆ ಬಂದಿತು. ಏಕೆಂದರೆ ಸಭಿಕರೇ ಇತ್ತ ಬಂದಿದ್ದಾರೆ. ಹಳೆಯ ಪೇಟೆಯಲ್ಲಿ ವಾಸಿಸುವದೆಂದರೆ ಏನಾಗಿತ್ತು, ಅದನ್ನು ಬಿಟ್ಟು ಬಂದಾಗ ನಮ್ಮ ಕೈಯಲ್ಲಿ ಏನು ಉಳಿಯಿತು, ಏನು ಜಾರಿತು ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಲು ಸಂಘದವರು ಅಪ್ಪಣೆ ಮಾಡಿದ್ದಾರೆ.

ಸೊಲ್ಲಾಪುರದ ಹಳೆಯ ಪೇಟೆಗಳು ಯಾರೋ ನಕ್ಷೆ ಹಾಕಿ ಕಟ್ಟಿದವುಗಳಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದನು, ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನು. ಕೆರೆಯಿದ್ದಲ್ಲಿ ಜನ, ಜನವಿದ್ದಲ್ಲಿ ಸಂತೆ. ಬಹಮನಿ ಅರಸರ ಕಾಲದ ಭೂಕೋಟೆ ಕೆರೆಯ ದಂಡೆಗೇ ಎದ್ದಿತು. ಅದರ ಹೊರಗೆ ಪೇಟೆಗಳು ಬೆಳೆದವು. ವಿಜಾಪುರ ವೇಸು, ತುಳಜಾಪುರ ವೇಸು, ಬಾಳಿವೇಸು ಎಂಬ ಹೆಸರುಗಳು ಊರಿನ ಹಳೆಯ ಬಾಗಿಲುಗಳ ನೆನಪನ್ನು ಇಂದಿಗೂ ಹೇಳುತ್ತವೆ. ನಮ್ಮ ಹಳ್ಳಿಗಳ ಮಾತಿನಲ್ಲಿ ಇದನ್ನೇ ಅಗಸಿ ಎನ್ನುತ್ತೇವೆ. ಬಾಗಿಲು ಹೋದರೂ ಹೆಸರು ನಿಂತಿದೆ. ವಿಜಾಪುರದ ದಾರಿ ಹಿಡಿದು ಬಂದವನು ಒಂದು ಕಡೆಯಿಂದ, ತುಳಜಾಪುರದ ದಾರಿ ಹಿಡಿದು ಬಂದವನು ಇನ್ನೊಂದು ಕಡೆಯಿಂದ ಊರನ್ನು ಹೊಗುತ್ತಿದ್ದನು. ಒಬ್ಬನ ಬಾಯಲ್ಲಿ ಕನ್ನಡ, ಇನ್ನೊಬ್ಬನ ಬಾಯಲ್ಲಿ ಮರಾಠಿ. ಸಾಖರ ಪೇಟೆಯ ಕಡೆಗೆ ನೇಕಾರರ ತೆಲುಗು, ವೇಸುಗಳ ಕಡೆಗೆ ಉರ್ದು. ಪೇಟೆಯ ಅಂಗಡಿಕಾರನು ಗಿರಾಕಿಯ ಮೋರೆ ನೋಡಿ ಭಾಷೆಯನ್ನು ಬದಲಿಸುತ್ತಿದ್ದನು. ಇದನ್ನು ಯಾವ ಶಾಲೆಯೂ ಅವನಿಗೆ ಕಲಿಸಿರಲಿಲ್ಲ.

1877ರಲ್ಲಿ ಹಳೆಯ ಗಿರಣಿ ಪ್ರಾರಂಭವಾದ ಮೇಲೆ ಊರಿನ ರೂಪವೇ ಬೇರೆಯಾಯಿತು. ಅದರ ಹಿಂದೆ ನರಸಿಂಗ ಗಿರಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಬಂದವು. ಇಂಡಿ, ಅಫಜಲಪುರ, ಆಳಂದ, ಅಕ್ಕಲಕೋಟಗಳ ಒಣಬೇಸಾಯದ ಹಳ್ಳಿಗಳಿಂದ ಬರದ ವರ್ಷಗಳಲ್ಲಿ ಬಂದ ಕುಟುಂಬಗಳು ಗಿರಣಿಯ ಭೋಂಗಾ ಕೇಳುವಷ್ಟು ಅಂತರದಲ್ಲಿ ಬಾಡಿಗೆಗೆ ನಿಂತವು. ಪೇಟೆಯ ವಾಡೆಗಳು ತುಂಡು ತುಂಡಾಗಿ ಹಂಚಿಹೋದದ್ದು ಆಗಲೇ. ಒಂದು ಮನೆತನದ ವಾಡೆಯಲ್ಲಿ ಐದಾರು ಒಲೆಗಳು ಹೊತ್ತಿದವು.

ಆ ಮನೆಗಳ ಕಟ್ಟಡವನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗಲು ಮನಸ್ಸು ಬಾರದು. ದಪ್ಪ ಕಲ್ಲುಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆಯ ಮಾಳಿಗೆ, ನಡುವೆ ಬಯಲು ಅಂಗಳ, ಮಾಳಿಗೆಯಲ್ಲಿ ಬೆಳಕಿಂಡಿ. ರಸ್ತೆಯ ಕಡೆಗೆ ಕಿಟಕಿಗಳು ಕಡಿಮೆ. ಗಾಳಿ ಬೆಳಕುಗಳು ಅಂಗಳದಿಂದಲೇ ಬರತಕ್ಕವು. ವೈಶಾಖದ ಬಿಸಿಲು 44-45 ಡಿಗ್ರಿಗೆ ಏರುವ ಈ ಊರಿನಲ್ಲಿ ಇದಕ್ಕಿಂತ ಬುದ್ಧಿವಂತಿಕೆಯ ಮನೆಯನ್ನು ಇಂದಿನ ಸಿಮೆಂಟು ಕಟ್ಟಡದವರು ಇನ್ನೂ ಕಟ್ಟಿ ತೋರಿಸಿಲ್ಲವೆಂದು ನಮ್ಮ ಅಭಿಪ್ರಾಯ. ಹಗಲು ಕಾಯ್ದ ದಪ್ಪ ಗೋಡೆಯ ಶಾಖವು ಒಳಗೆ ತಲುಪುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಆಗ ಜನರು ಹಾಸಿಗೆ ಸುತ್ತಿಕೊಂಡು ಮಾಳಿಗೆಗೆ ಹೋಗುತ್ತಿದ್ದರು. ಮಾಳಿಗೆಯಿಂದ ಮಾಳಿಗೆಗೆ ಮಾತು ನಡೆಯುತ್ತಿತ್ತು. ಅತ್ತೆಮನೆಗೆ ಬಂದ ಹೊಸ ಸೊಸೆ ಕಲಬುರ್ಗಿ ಕಡೆಯವಳೋ ಜತ್ತದ ಕಡೆಯವಳೋ ಎಂಬುದು ಆ ಮಾತಿನ ಧಾಟಿಯಿಂದಲೇ ಇಡೀ ಓಣಿಗೆ ತಿಳಿದುಹೋಗುತ್ತಿತ್ತು.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹಾಡಿ ಹೊಗಳಲು ನಾವು ಇಲ್ಲಿ ನಿಂತಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಶ್ರಾವಣದಲ್ಲಿ ಮನೆಯೊಳಗೆ ಪಾತ್ರೆ ಇಟ್ಟುಕೊಂಡು ಕೂಡ್ರಬೇಕಾಗುತ್ತಿತ್ತು. ಐದಾರು ಒಲೆಗಳಿಗೆ ಒಂದೇ ನಳ, ಒಂದೇ ಪಾಯಖಾನೆ. ಬೆಳಗಿನ ಜಾವ ಎದ್ದು ಕೊಡಗಳನ್ನು ಸಾಲು ಹಚ್ಚಿದವರು ಹೆಣ್ಣುಮಕ್ಕಳೇ ಹೊರತು ಪೇಟೆಯ ಸೊಬಗನ್ನು ವರ್ಣಿಸಿದ ಗಂಡಸರಲ್ಲ. ಊರಿಗೆ ನೀರುಣಿಸಿದ ಏಕರೂಖ ಕೆರೆ 1871ರಲ್ಲಿ ಮುಗಿಯಿತು. ಭೀಮೆಯ ಮೇಲಿನ ಉಜನಿ ಅಣೆಕಟ್ಟು 1980ರಲ್ಲಿ ಆಯಿತು. ಆದರೂ ದಿನ ಬಿಟ್ಟು ದಿನ, ಅನಂತರ ನಾಲ್ಕೈದು ದಿನಗಳಿಗೊಮ್ಮೆ ನೀರು ಎಂಬ ಪದ್ಧತಿಗೆ ಈ ಊರಿನ ತಾಯಂದಿರು ಒಗ್ಗಿಕೊಳ್ಳಬೇಕಾಯಿತು. ಪೇಟೆಯ ಮನೆಯನ್ನು ಬಿಡೋಣವೆಂದು ಮೊದಲು ಹೇಳಿದವರು ಬಹಳ ಕುಟುಂಬಗಳಲ್ಲಿ ಅವರೇ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಈ ಪೇಟೆಗಳಲ್ಲಿಯೇ ಊರಿನ ಮಾನದ ಕಥೆಯೂ ನಡೆದಿದೆ. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದ ಜನರು ಎದ್ದು ನಿಂತಾಗ ಸರಕಾರವು ಲಷ್ಕರಿ ಕಾಯಿದೆ ಜಾರಿ ಮಾಡಿತು. 1931ರ ಜನೇವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಾಲ್ಕು ಹೆಸರುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಓದಿದರೆ ಸಾಕು; ಹಳೆಯ ಸೊಲ್ಲಾಪುರದಲ್ಲಿ ಯಾರು ಯಾರ ನೆರೆಯಲ್ಲಿ ಬಾಳುತ್ತಿದ್ದರೆಂಬುದು ತಾನೇ ತಿಳಿಯುವದು.

ಇನ್ನು ನಮ್ಮ ಭಾಷೆಯ ವಿಷಯ. 1944ರಿಂದ 1956ರ ವರೆಗೆ ದ. ರಾ. ಬೇಂದ್ರೆಯವರು ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಈ ಊರಿನಲ್ಲಿಯೇ ಕೂಡಿತು. ಇದೇ ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿ ಸಿದ್ಧರಾಮನ ಚರಿತೆಯನ್ನು ಕಾವ್ಯವಾಗಿ ಬರೆದ ಜಯದೇವಿತಾಯಿ ಲಿಗಾಡೆಯವರು 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಪ್ರಥಮ ಮಹಿಳೆ ಅವರೇ. ತಾಯಿಯವರು ಮರಾಠಿಯಲ್ಲಿಯೂ ಬರೆದರು, ವಚನಗಳನ್ನು ಮರಾಠಿಗೆ ತಂದರು. ಎರಡು ಭಾಷೆಗಳನ್ನು ಒಂದೇ ಅಂಗಳದಲ್ಲಿ ಕಲಿತವರಿಗೆ ಇದು ಸಹಜವಾದದ್ದು. 1956ರಲ್ಲಿ ರಾಜ್ಯಗಳ ಪುನರ್ರಚನೆಯಾಯಿತು. ನಾವು ಗಡಿಯ ಈಚೆಗೆ ಉಳಿದೆವು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟ ಹಾಗೂ ದಕ್ಷಿಣ ಸೊಲ್ಲಾಪುರದ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರತಕ್ಕವೆಂದು ಬರೆಯಿತು. ಅದು ಕಾಗದದಲ್ಲಿಯೇ ಉಳಿದಿದೆ. ಆ ವಾದವನ್ನು ಇಂದು ಎತ್ತುವದಿಲ್ಲ. ಗಡಿಗೆರೆ ಎಲ್ಲಿಯೇ ಇರಲಿ, ಮಗುವಿನ ಬಾಯಲ್ಲಿ ಯಾವ ಮಾತು ಉಳಿಯುವದೆಂಬ ಪ್ರಶ್ನೆ ಮನೆಯ ಬಾಗಿಲಲ್ಲಿಯೇ ತೀರ್ಮಾನವಾಗುತ್ತದೆ.

ಪೇಟೆಯಲ್ಲಿ ಅದು ಹೇಗೆ ತೀರ್ಮಾನವಾಗುತ್ತಿತ್ತು? ಕನ್ನಡ ಶಾಲೆ ಕೂಗಳತೆಯಲ್ಲಿತ್ತು. ಅಣ್ಣನು ಓದಿದ ಪುಸ್ತಕ ತಂಗಿಗೆ ಬರುತ್ತಿತ್ತು. ಅಜ್ಜಿಯು ನೆರೆಮನೆಯ ಕಾಕೂನೊಡನೆ ಕಟ್ಟೆಯ ಮೇಲೆ ಆಡುವ ಮಾತು ಮಗುವಿನ ಕಿವಿಗೆ ದಿನವೂ ಬೀಳುತ್ತಿತ್ತು. ಕನ್ನಡವನ್ನು ಉಳಿಸಬೇಕೆಂದು ಯಾರೂ ಠರಾವು ಮಾಡಿರಲಿಲ್ಲ. ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅಷ್ಟೇ. ಸಂಕ್ರಾಂತಿಯ ಜಾತ್ರೆಯನ್ನು ನೆನೆಯಿರಿ. ಭೋಗಿಯ ದಿನ ಸಜ್ಜೆಯ ರೊಟ್ಟಿ ತಟ್ಟುತ್ತಿರುವಾಗಲೇ ಬಾಳಿವೇಸಿನ ಹಿರೇಹಬ್ಬು ವಾಡೆಯಿಂದ ಏಳು ನಂದಿಧ್ವಜಗಳು ಹೊರಡುತ್ತವೆ. ಬಿಳಿಯ ಬಾರಾಬಂದಿ ತೊಟ್ಟವರು ಅವುಗಳನ್ನು ಹೊತ್ತು ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ ಮಾಡಿಸಿ ಬರುತ್ತಾರೆ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಸಿದ್ಧರಾಮನ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ಅಕ್ಷತೆ ಬೀಳುತ್ತದೆ. ಊರಿನ ಮರಾಠಿ ಪತ್ರಿಕೆಗಳು ಸಹ ಆ ವಾರ ‘ಯಣ್ಣಿಮಜ್ಜನ’ವೆಂದೇ ಅಚ್ಚು ಹಾಕುತ್ತವೆ. ಪೇಟೆಯ ಮಗುವಿಗೆ ಇದು ಬಾಗಿಲ ಮುಂದೆಯೇ ಹಾಯ್ದು ಹೋಗುವ ಹಬ್ಬ. ಇಲ್ಲಿಯ ಮಗುವಿಗೆ ರಿಕ್ಷಾ ಮಾಡಿಕೊಂಡು ಹೋಗಿ ನೋಡಿ ಬರುವ ಗದ್ದಲ.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗ್ಗವು ಗಿರಣಿಯಿಂದ ಮನೆಗೆ, ಮನೆಯಿಂದ ಎಂಐಡಿಸಿಗೆ ಬಂದಿತು. ಭೌಗೋಲಿಕ ಗುರುತಿನ ಮನ್ನಣೆ ಪಡೆದ ಸೊಲ್ಲಾಪುರದ ಚಾದರ ಮತ್ತು ಟವೆಲು ಇಂದು ನೇಯಲ್ಪಡುವದು ಬಹುಮಟ್ಟಿಗೆ ವಿದ್ಯುತ್ ಮಗ್ಗಗಳಲ್ಲಿ, ಅದರಲ್ಲಿ ಒಂದು ದೊಡ್ಡ ಪಾಲು ಅಕ್ಕಲಕೋಟ ರಸ್ತೆಯಲ್ಲಿ. ಕೆಲಸದ ಹಿಂದೆ ಮನೆಯೂ ಬಂದಿತು. ಕುಂಭಾರಿಯ ಬಯಲಿನಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದುತಾಯಿ ಪರುಳೇಕರರ ಹೆಸರಿನ ಹತ್ತು ಸಾವಿರ ಮನೆಗಳ ಘರಕುಲವು 2006ರಲ್ಲಿ ಸಿದ್ಧವಾಯಿತು. ಅದರ ಬಳಿ ರೇನಗರದಲ್ಲಿ 15,000 ಮನೆಗಳನ್ನು 2024ರ ಜನೇವರಿಯಲ್ಲಿ ಕಾರ್ಮಿಕರಿಗೆ ಒಪ್ಪಿಸಲಾಯಿತು. ಜನ್ಮವೆಲ್ಲ ಬಾಡಿಗೆಯ ಕೋಣೆಯಲ್ಲಿ ಕಳೆದ ತಾಯಿಯ ಕೈಗೆ ತನ್ನ ಹೆಸರಿನ ಮನೆಯ ಕೀಲಿಕೈ ಬಂದದ್ದು ಸಣ್ಣ ಮಾತಲ್ಲ. ಪೇಟೆಯ ಓಣಿಯ ಚಂದವನ್ನು ಅವಳಿಗೆ ಬೋಧಿಸಲು ಹೋಗುವವನು ಮೊದಲು ಅವಳ ಹಳೆಯ ಕೋಣೆಯನ್ನು ನೋಡಿ ಬರಲಿ.

ಆದರೆ ಪೇಟೆಯಿಂದ ನಾವು ಹೊತ್ತು ತಂದ ಒಂದು ರೂಢಿಯನ್ನು ಇಲ್ಲಿ ಹೆಸರಿಸಲೇಬೇಕು. ಪೇಟೆಯಲ್ಲಿ ಕುಣಿಮಗ್ಗವು ಪಡಸಾಲೆಯಲ್ಲಿಯೇ ಇತ್ತು. ನೇಯುವವನು ಅಲ್ಲಿಯೇ ಉಂಡು ಅಲ್ಲಿಯೇ ಮಲಗುತ್ತಿದ್ದನು. ಕೈಮಗ್ಗದಿಂದ ಕೇಡಿರಲಿಲ್ಲ. ಎಂಐಡಿಸಿಯ ಶೆಡ್ಡಿನಲ್ಲಿ ಕೆಳಗೆ ಮಗ್ಗ, ಪಕ್ಕದಲ್ಲಿ ಹತ್ತಿಯ ನೂಲಿನ ಮೂಟೆ, ಅದೇ ಕಟ್ಟಡದಲ್ಲಿ ಸಂಸಾರ ಎಂದರೆ ಮಾತು ಬೇರೆ. 2025ರ ಮೇ 18ರ ನಸುಕಿನಲ್ಲಿ ಇಲ್ಲಿಯ ಒಂದು ಟವೆಲು ಕಾರಖಾನೆಗೆ ಬೆಂಕಿ ಹತ್ತಿದಾಗ ಎಂಟು ಜೀವಗಳು ಹೋದವು; ಮಾಲಕರ ಮನೆತನದವರೂ ಇದ್ದರು, ಕೂಲಿಕಾರರ ಮನೆತನದವರೂ ಇದ್ದರು, ಎಳೆಯ ಮಗುವೂ ಇತ್ತು. ಮಾಲಕ ಕೂಲಿಕಾರರು ಒಂದೇ ಸೂರಿನಡಿ ಬಾಳುವದು ಹಳೆಯ ಪೇಟೆಯ ಆಪ್ತತೆಯೇ ಸರಿ. ಆದರೆ ವಾಡೆಗೆ ನಡುವೆ ಬಯಲು ಅಂಗಳವಿತ್ತು, ಹಿತ್ತಲ ಬಾಗಿಲಿತ್ತು. ಇಂದಿನ ಶೆಡ್ಡಿನಲ್ಲಿ ವಾಸಿಸುವ ನಮ್ಮವರು ಎರಡನೆಯ ಬಾಗಿಲು ಎಲ್ಲಿದೆಯೆಂದು ಇಂದು ರಾತ್ರಿಯೇ ನೋಡಿಕೊಳ್ಳಲಿ. ಇಲ್ಲವಾದರೆ ಗೋಡೆ ಒಡೆದಾದರೂ ಮಾಡಿಸಿಕೊಳ್ಳಲಿ.

ಇನ್ನೊಂದು ಚಿಂತೆ ಶಾಲೆಯದು. ಸಂವಿಧಾನದ 350-ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲತೆ ಒದಗಿಸಬೇಕೆನ್ನುತ್ತದೆ. ಶಿಕ್ಷಣದ ಹಕ್ಕಿನ 2009ರ ಕಾಯಿದೆಯ ಮೇರೆಗೆ ಕೆಳಗಿನ ತರಗತಿಗಳ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರತಕ್ಕದ್ದು. ಎರಡೂ ಒಳ್ಳೆಯ ಕಾಯಿದೆಗಳೇ. ಆದರೆ ಒಂದು ಕಿಲೋಮೀಟರಿನೊಳಗಿನ ಶಾಲೆ ಕನ್ನಡದ್ದೇ ಆಗಿರಬೇಕೆಂದು ಎಲ್ಲಿಯೂ ಬರೆದಿಲ್ಲ. ಪೇಟೆಯಲ್ಲಿ ಕನ್ನಡ ಮಕ್ಕಳು ಗುಂಪಾಗಿದ್ದರು, ಶಾಲೆ ತುಂಬುತ್ತಿತ್ತು. ಈಗ ಅದೇ ಮಕ್ಕಳು ಹೊಸ ವಸತಿಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದಾರೆ. ಹಳೆಯ ಶಾಲೆಯಲ್ಲಿ ಹಾಜರಿ ಇಳಿಯುತ್ತದೆ, ಹೊಸ ಶಾಲೆಗೆ ಬೇಕಾದ ಸಂಖ್ಯೆ ಒಂದೆಡೆ ಕೂಡಿಬರುವದಿಲ್ಲ. ಯಾರೂ ದ್ವೇಷದಿಂದ ಮುಚ್ಚಿದ್ದಲ್ಲ, ದೂರವೇ ಮುಚ್ಚುತ್ತಿದೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೆ ನೌಕರಿ ಎಲ್ಲಿ ಎಂದು ಕೇಳುವ ತಂದೆತಾಯಿಗಳ ಪ್ರಶ್ನೆಯನ್ನೂ ನಾವು ಬಲ್ಲೆವು; ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಭಾಷಣದಿಂದ ಉತ್ತರ ಕೊಡಲಾಗದು. ಆದರೆ ಮರಾಠಿ, ಇಂಗ್ಲೀಷುಗಳನ್ನು ಚೆನ್ನಾಗಿ ಕಲಿತ ಹುಡುಗನು ಅಜ್ಜಿಗೆ ಪತ್ರ ಓದಿ ಹೇಳಲಾರದವನಾದರೆ ಆ ಮನೆಯಲ್ಲಿ ಏನೋ ಒಂದು ಬಾಗಿಲು ಮುಚ್ಚಿತೆಂದೇ ತಿಳಿಯಬೇಕಾಗುತ್ತದೆ.

ಪೇಟೆಯಲ್ಲಿ ಇನ್ನೂ ಉಳಿದಿರುವ ಕುಟುಂಬಗಳ ಕಷ್ಟವೂ ಬೇರೆಯಾಗಿದೆ. ಅಣ್ಣತಮ್ಮಂದಿರ ಪಾಲಿನಲ್ಲಿ ವಾಡೆಯು ಹತ್ತು ಹೆಸರಿಗೆ ಹರಿದು ಹಂಚಿಹೋಗಿದೆ; ಹತ್ತು ಜನರ ಸಹಿ ಕೂಡದೆ ಒಂದು ತೊಲೆಯನ್ನು ಬದಲಿಸಲಾಗದು. ಹಳೆಯ ಬಾಡಿಗೆದಾರನು ಬಿಡಲಾರನು, ಮಾಲಕನು ದುರಸ್ತಿ ಮಾಡಿಸಲಾರನು. ಮಳೆಗಾಲದ ಮುಂಚೆ ಶಿಥಿಲ ಕಟ್ಟಡದ ನೋಟೀಸು ಬಾಗಿಲಿಗೆ ಅಂಟುತ್ತದೆ. ಹೀಗೆ ಬೇಸತ್ತು ಮಾರಿದ ಜಾಗದಲ್ಲಿ ಅಂಗಡಿಗಳ ಸಂಕುಲ ಏಳುತ್ತದೆ. ರಾತ್ರಿ ಒಂಬತ್ತಕ್ಕೆ ಶಟರು ಬಿದ್ದ ಮೇಲೆ ಆ ಓಣಿಯಲ್ಲಿ ಮನುಷ್ಯರ ದನಿ ಇಲ್ಲ. ಮನೆಯನ್ನು ಮಾರಬಾರದೆಂದು ನಾವು ಯಾರಿಗೂ ಹೇಳಲಾರೆವು. ಮಾರುವ ಮುಂಚೆ ಅಣ್ಣತಮ್ಮಂದಿರು ಒಂದು ಸಲ ಒಂದೆಡೆ ಕೂಡಿ, ತಮ್ಮೊಳಗೆ ಒಬ್ಬನಾದರೂ ಅಲ್ಲಿ ನಿಂತು ಬಾಳಲು ಸಿದ್ಧನಿದ್ದಾನೆಯೇ ಎಂದು ವಿಚಾರಿಸಲಿ. ಇದ್ದರೆ ಉಳಿದವರು ಬೆಲೆಯಲ್ಲಿ ಸ್ವಲ್ಪ ಸೈರಿಸಲಿ.

ಈ ಸಂಘವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಅಕ್ಕಲಕೋಟ ರಸ್ತೆ, ಕುಂಭಾರಿ, ವಳಸಂಗದ ವರೆಗೆ ಯಾವ ವಸತಿಯಲ್ಲಿ ಎಷ್ಟು ಕನ್ನಡ ಮನೆಗಳಿವೆ, ಅವುಗಳಲ್ಲಿ ಆರು ವರ್ಷದಿಂದ ಹತ್ತು ವರ್ಷದೊಳಗಿನ ಮಕ್ಕಳೆಷ್ಟು ಎಂಬ ಒಂದು ಪಟ್ಟಿ ಮಾಡಬೇಕು. ಮೂವತ್ತು ಮಕ್ಕಳು ಒಂದೆಡೆ ಸಿಕ್ಕಲ್ಲಿ ಶಾಲೆಯನ್ನು ಕೇಳಬೇಕು. ಸಿಕ್ಕದಿದ್ದಲ್ಲಿ ರವಿವಾರ ಎರಡು ತಾಸು ಕನ್ನಡದ ಓದುಬರಹವನ್ನು ಯಾರದಾದರೊಂದು ಮನೆಯ ಕಟ್ಟೆಯ ಮೇಲೆ ನಡೆಸಬೇಕು. ನಿವೃತ್ತ ಶಿಕ್ಷಕರು ಈ ಸಭೆಯಲ್ಲಿಯೇ ಹಲವರಿದ್ದೀರಿ. ಪಟ್ಟಿಯ ಪುಸ್ತಕವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಡಲಾಗಿದೆ. ಹೋಗುವಾಗ ಪ್ರತಿಯೊಬ್ಬರೂ ತಮ್ಮ ವಸತಿಯ ಹೆಸರು ಮತ್ತು ಮಕ್ಕಳ ವಯಸ್ಸನ್ನು ಬರೆದು ಹೋಗಬೇಕೆಂದು ವಿನಂತಿ.