ಹೊನ್ನಾಳಿ ಸೀಮೆಯ ಕಲ್ಲುಗಳು

ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪಕ್ಕೆ ಬರುವ ಭಕ್ತರು ತುಳಿಯುವುದು ಧಾರವಾಡ ಶಿಲೆಗಳ ಸೀಮೆಯನ್ನು. ಆ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಇದೇ ಸೀಮೆಯ ಕುದುರೆಕೊಂಡ, ಪಲವನಹಳ್ಳಿಗಳು ಹಿಂದೆ ಚಿನ್ನ ಹುಡುಕಿದ ಊರುಗಳು.

ಕನ್ನಡ ನಾಡಿನಲ್ಲಿ ದೊಡ್ಡ ಗಣಿಗಳಿಗೂ ಮೊದಲು ಜಲಗಾರರಿದ್ದರು. ಹಳ್ಳದ ಮರಳನ್ನು ಮರಿಗೆಗೆ ತುಂಬಿ, ನೀರಲ್ಲಿ ಅಲ್ಲಾಡಿಸಿ, ತಳದಲ್ಲಿ ಉಳಿದ ಕರಿಮರಳಿನಿಂದ ಹೊನ್ನಿನ ಕಣ ಆರಿಸುತ್ತಿದ್ದರು. ಹಗುರ ಮರಳು ಹರಿದುಹೋಗುತ್ತದೆ, ಭಾರದ ಚಿನ್ನ ತಳ ಸೇರುತ್ತದೆ.

ಖನಿಜ ಆಯಲು ಗುಂಪಾಗಿ ಹೊರಡುವವರಿಗೂ ಇಂಥ ಸರಳ ಪರೀಕ್ಷೆಗಳೇ ಆಸರೆ. ಬೆಣಚುಕಲ್ಲು ಗಾಜನ್ನು ಗೀರುತ್ತದೆ. ಮೆರುಗು ಹಾಕದ ಪಿಂಗಾಣಿಯ ಮೇಲೆ ಉಜ್ಜಿದರೆ ಚಿನ್ನದ ಗೆರೆ ಹಳದಿ, ಚಿನ್ನದಂತೆ ಹೊಳೆಯುವ ಪೈರೈಟ್ ಖನಿಜದ್ದು ಕಪ್ಪು.

ಆದರೆ ಎಲ್ಲೆಡೆ ಕಲ್ಲು ಒಡೆಯುವಂತಿಲ್ಲ: ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಚೀಲದಲ್ಲೇ ಇರಲಿ. ಕ್ಯಾಮೆರಾ, ನೋಟ್‌ಬುಕ್ ಸಾಕು.