ಕಚೇರಿಯ ಇ-ಮೇಲ್: ಪಾಪ್‌ನಿಂದ ಐಮ್ಯಾಪ್‌ಗೆ
(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಮಾತಿನ ಬರಹ ರೂಪ)

ಅರಿಶಿನ-ಕುಂಕುಮದ ತಯಾರಿಯ ನಡುವೆ ಇದೆಂಥ ಒಣ ವಿಷಯ ಎಂದು ಕೆಲವರಿಗೆ ಅನಿಸಬಹುದು. ಆದರೆ ನಮ್ಮ ವಿಭಾಗದ ಹದಿನಾಲ್ಕು ವರ್ಷದ ಪತ್ರವ್ಯವಹಾರವೆಲ್ಲ ಕಚೇರಿ ಮೂಲೆಯ ಒಂದೇ ಕಂಪ್ಯೂಟರಿನಲ್ಲಿ ಕೂತಿದೆ. ಸಭಾಂಗಣದ ಬುಕ್ಕಿಂಗ್, ವಿದ್ಯಾರ್ಥಿವೇತನದ ಅರ್ಜಿಗಳು, ದಾನಿಗಳಿಗೆ ನಾವು ಬರೆದ ಉತ್ತರಗಳು, ಎಲ್ಲ ಅದರಲ್ಲೇ. ಅದರ ಹಾರ್ಡ್ ಡಿಸ್ಕ್ ಒಂದು ದಿನ ಕೈಕೊಟ್ಟರೆ ನಮ್ಮ ಹತ್ತಿರ ಬೇರೆ ಪ್ರತಿಯೇ ಇಲ್ಲ.

ಹೀಗಾಗಲು ಕಾರಣ ಪಾಪ್, ಅಂದರೆ ಪೋಸ್ಟ್ ಆಫೀಸ್ ಪ್ರೊಟೊಕಾಲ್. ಹೆಸರೇ ಹೇಳುವಂತೆ ಅದು ಅಂಚೆ ಕಚೇರಿಯ ಪದ್ಧತಿ. ಹೋಗುವುದು, ಬಂದ ಟಪಾಲನ್ನು ಮನೆಗೆ ತರುವುದು, ಅಲ್ಲಿನ ಪೆಟ್ಟಿಗೆ ಖಾಲಿ ಮಾಡುವುದು. ಇದನ್ನು ದಡ್ಡತನ ಎನ್ನಬೇಡಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟಾಗ ಅದು ಬರುತ್ತಿದ್ದದ್ದು ಟೆಲಿಫೋನ್ ತಂತಿಯ ಮೇಲೆ. ಮೋಡೆಮ್ ಕಿರುಚಿ ಸಂಪರ್ಕ ಸಿಕ್ಕರೆ ಮನೆಯ ಫೋನ್ ಎಂಗೇಜ್, ಊರಿನಿಂದ ಅಮ್ಮ ಮಾಡಿದ ಕರೆ ತಾಗುತ್ತಿರಲಿಲ್ಲ. ಬೇಗ ಬೇಗ ಮೇಲ್ ಇಳಿಸಿಕೊಂಡು ಸಂಪರ್ಕ ಕಡಿದು, ಆಮೇಲೆ ನಿಧಾನವಾಗಿ ಓದುವುದೇ ಆಗ ಜಾಣತನ.

ಐಮ್ಯಾಪ್ ಕೂಡ ಹೊಸದೇನಲ್ಲ. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದ್ದು. ಇದು ಬ್ಯಾಂಕ್ ಖಾತೆಯ ಹಾಗೆ. ಹಣ ಬ್ಯಾಂಕಿನಲ್ಲೇ ಇರುತ್ತದೆ. ದಾದರಿನ ಶಾಖೆಗೆ ಹೋಗಿ ನೋಡಿದರೂ ಡೊಂಬಿವಲಿಯ ಎಟಿಎಮ್‌ನಲ್ಲಿ ನೋಡಿದರೂ ಬಾಕಿ ಒಂದೇ. ಹಾಗೆಯೇ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ. ಅಧ್ಯಕ್ಷೆ ಫೋನಿನಲ್ಲಿ ಓದಿದ್ದು ಕಾರ್ಯದರ್ಶಿಯ ಕಂಪ್ಯೂಟರಿನಲ್ಲೂ ‘ಓದಿದೆ’ ಎಂದೇ ಕಾಣುತ್ತದೆ. ಒಬ್ಬರು ಕಳಿಸಿದ ಉತ್ತರ ಇನ್ನೊಬ್ಬರ ‘ಸೆಂಟ್’ ಫೋಲ್ಡರಿನಲ್ಲೂ ಸಿಗುತ್ತದೆ.

‘ಸರ್ವರಿನಲ್ಲಿ ಪ್ರತಿ ಉಳಿಸು’ ಎಂಬ ಆಯ್ಕೆ ಪಾಪ್‌ನಲ್ಲೂ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅದು ಉಳಿಸುವುದು ಬಂದ ಕಾಗದವನ್ನು ಮಾತ್ರ. ಡೆಸ್ಕ್‌ಟಾಪಿನಿಂದ ನಾವು ಕಳಿಸಿದ್ದು, ವರ್ಷಗಟ್ಟಲೆ ಕೂತು ವಿಂಗಡಿಸಿದ ಫೋಲ್ಡರುಗಳು ಆ ಯಂತ್ರದಲ್ಲೇ ಉಳಿಯುತ್ತವೆ. ಯಾರು ಯಾವುದಕ್ಕೆ ಉತ್ತರ ಕೊಟ್ಟರೆಂಬುದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಒಂದೇ ಅರ್ಜಿಗೆ ಇಬ್ಬರು ಎರಡು ಬಗೆಯ ಉತ್ತರ ಬರೆದರೆ ಪೇಚಿಗೆ ಸಿಲುಕುವುದು ಅರ್ಜಿ ಹಾಕಿದ ಹುಡುಗಿ.

ಇನ್ನು ಬದಲಾಯಿಸುವ ಕ್ರಮ. ಔಟ್‌ಲುಕ್ ಆಗಲಿ ಥಂಡರ್‌ಬರ್ಡ್ ಆಗಲಿ, ಇರುವ ಪಾಪ್ ಖಾತೆಯನ್ನೇ ಐಮ್ಯಾಪ್ ಆಗಿ ತಿರುಗಿಸಲು ಬರುವುದಿಲ್ಲ. ಅದೇ ವಿಳಾಸಕ್ಕೆ ಪಕ್ಕದಲ್ಲಿ ಹೊಸ ಖಾತೆ ತೆರೆಯಬೇಕು. ಅದಕ್ಕೂ ಮೊದಲು, ದಯವಿಟ್ಟು ಇದನ್ನು ತಪ್ಪಿಸಬೇಡಿ, ಪ್ರೋಗ್ರಾಮ್ ಮುಚ್ಚಿ ಹಳೆಯ ಕಡತದ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ. ಔಟ್‌ಲುಕ್‌ನಲ್ಲಿ ಅದು ಸಾಮಾನ್ಯವಾಗಿ ಪಿಎಸ್‌ಟಿ ಎಂದು ಕೊನೆಗೊಳ್ಳುವ ಕಡತ, ಥಂಡರ್‌ಬರ್ಡ್‌ನಲ್ಲಿ ‘ಪ್ರೊಫೈಲ್’ ಎಂಬ ಇಡೀ ಫೋಲ್ಡರ್. ಆಮೇಲೆ ಪಾಪ್ ಖಾತೆ ತಾನಾಗಿ ಮೇಲ್ ತರುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಒಂದು ಕಡೆ ನಾವು ತುಂಬುತ್ತಿರುತ್ತೇವೆ, ಇನ್ನೊಂದು ಕಡೆ ಅದು ಹೊಸ ಟಪಾಲನ್ನು ಎತ್ತಿಕೊಂಡು ಹೋಗುತ್ತಿರುತ್ತದೆ.

ಜಾಗ ಎಷ್ಟಿದೆ ಎಂದೂ ನೋಡಿಕೊಳ್ಳಿ. ಜಿಮೇಲ್‌ನ ಉಚಿತ 15 ಜಿಬಿಯಲ್ಲಿ ಫೋಟೊ ಮತ್ತು ಡ್ರೈವ್‌ಗೂ ಪಾಲಿದೆ. ಸಂಕ್ರಾಂತಿ ಫೋಟೊಗಳೇ ಅರ್ಧ ನುಂಗಿರಬಹುದು. ಹೊಸ ಖಾತೆಯಲ್ಲಿ ಒಳಬರುವ ಸರ್ವರಿಗೆ ಸಾಮಾನ್ಯವಾಗಿ 993ನೇ ಪೋರ್ಟ್, ಎಸ್‌ಎಸ್‌ಎಲ್ ಭದ್ರತೆ. ಪಾಪ್‌ಗೆ ಇದ್ದದ್ದು 995. ಹೊರಹೋಗುವ ಸರ್ವರ್ ಮೊದಲಿನದೇ.

ನಂತರ ಹಳೆಯ ಫೋಲ್ಡರಿನಿಂದ ಹೊಸ ಖಾತೆಗೆ ಒಂದೊಂದು ವರ್ಷದ ಮೇಲ್ ಕಾಪಿ ಮಾಡಿ. ‘ಮೂವ್’ ಬೇಡ, ‘ಕಾಪಿ’. ಅರ್ಧದಲ್ಲಿ ಕರೆಂಟ್ ಹೋದರೂ ಮೂಲ ಉಳಿದಿರುತ್ತದೆ. ಹದಿನಾಲ್ಕು ವರ್ಷವನ್ನೂ ಒಂದೇ ಸಲ ಎಳೆದು ಹಾಕಿದರೆ ಪ್ರೋಗ್ರಾಮ್ ಒದ್ದಾಡುತ್ತದೆ. ಸಂಜೆಗೆ ಎರಡು ವರ್ಷದಂತೆ ಮಾಡಿದರೆ ವಾರದಲ್ಲಿ ಮುಗಿಯಿತು. ಪ್ರತಿ ಸಲವೂ ಬ್ರೌಸರಿನಲ್ಲಿ ತೆರೆದು ಮೇಲ್‌ಗಳು ಅಲ್ಲಿಗೆ ತಲುಪಿವೆಯೇ ಎಂದು ನೋಡಿ. ಕಂಪ್ಯೂಟರಿನಲ್ಲಿ ಕಂಡ ಮಾತ್ರಕ್ಕೆ ಸರ್ವರಿಗೆ ಏರಿದೆ ಎಂದರ್ಥವಲ್ಲ. ಎಲ್ಲ ಸರಿ ಎನಿಸಿದ ಮೇಲೆಯೇ ಹಳೆಯ ಖಾತೆ ತೆಗೆಯುವುದು. ಆಗ ಥಂಡರ್‌ಬರ್ಡ್ ‘ಸಂದೇಶಗಳನ್ನೂ ಅಳಿಸಲೇ’ ಎಂದು ಕೇಳಿದರೆ ಆ ಚೌಕದಲ್ಲಿ ಟಿಕ್ ಹಾಕಬೇಡಿ.

ಐಮ್ಯಾಪ್‌ನಿಂದ ನಷ್ಟವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಒಂದು ಮೇಲ್ ಅಳಿಸಿದರೆ ಅದು ಕಚೇರಿಯಿಂದಲೂ ಹೋಗುತ್ತದೆ. ಫೋನ್ ಮೊಮ್ಮಕ್ಕಳ ಕೈಗೆ ಕೊಡುವವರು ಇದನ್ನು ನೆನಪಿಡಬೇಕು. ಹಾಗಾಗಿ ಹೊರಗಿನ ಡಿಸ್ಕಿನ ಪ್ರತಿಯನ್ನು ಎಸೆಯಬೇಡಿ. ಕಚೇರಿ ಕಪಾಟಿನಲ್ಲಿ ನಡಾವಳಿ ಪುಸ್ತಕದ ಪಕ್ಕ ಇಡಿ, ವರ್ಷಕ್ಕೊಮ್ಮೆ ಹೊಸದಾಗಿ ತೆಗೆಯಿರಿ. ವಿಳಾಸ ಪುಸ್ತಕ ಮತ್ತು ಕ್ಯಾಲೆಂಡರ್ ಐಮ್ಯಾಪ್ ಜೊತೆ ಬರುವುದಿಲ್ಲ. ಸದಸ್ಯೆಯರ ಇ-ಮೇಲ್ ಪಟ್ಟಿಯನ್ನು ಬೇರೆಯಾಗಿಯೇ ರಫ್ತು ಮಾಡಿಕೊಳ್ಳಬೇಕು. ಮುಂದಿನ ಚುನಾವಣೆಗೆ ಮೊದಲೇ ಇದಾದರೆ ಹೊಸ ಕಾರ್ಯದರ್ಶಿಗೆ ಪಾಸ್‌ವರ್ಡ್ ಒಂದನ್ನು ಒಪ್ಪಿಸಿದರೆ ಸಾಕು. ಅವರು ಒಳಹೋದ ಕೂಡಲೇ ಅದನ್ನು ಬದಲಿಸಲಿ.