ಅರ್ಧ ನೆಲ, ಅರ್ಧ ನೀರು



ಈ ಭಾಷಣದಲ್ಲಿ ಏನು ಮಾತಾಡಲಿ ಅಂತ ಕೇಳಿದಾಗ ನಮ್ಮ ಟೀಚರ್, "ನಿನಗೆ ಇಷ್ಟವಾದದ್ದನ್ನು ಮಾತಾಡು, ಆದರೆ ಪೂರ್ತಿ ಕನ್ನಡದಲ್ಲಿ" ಅಂದರು. ನನಗೆ ಇಷ್ಟವಾದದ್ದು ಮೊಸಳೆ. ಅದೂ ಈಗಿನ ಮೊಸಳೆ ಅಲ್ಲ, ಡೈನೋಸಾರ್‌ಗಳ ಕಾಲದಲ್ಲಿ ಸಮುದ್ರದಲ್ಲಿದ್ದ ಅದರ ದೂರದ ನೆಂಟರು. ಆದ್ದರಿಂದ ಹತ್ತು ನಿಮಿಷ ನೀವೆಲ್ಲ ಮೊಸಳೆಯ ಕಥೆ ಕೇಳಬೇಕು.

ನಾವಿರುವ ಸ್ಟುಟ್‌ಗಾರ್ಟ್‌ನಿಂದ ಸ್ವಲ್ಪ ದೂರದಲ್ಲಿ ಹೋಲ್ಟ್ಸ್‌ಮಾಡನ್ ಅನ್ನುವ ಸಣ್ಣ ಊರಿದೆ. ಆಟೋಬಾನ್‌ನಲ್ಲಿ ಹೋಗುವಾಗ ನಿಮ್ಮಲ್ಲಿ ಎಷ್ಟೋ ಜನ ಅದನ್ನು ದಾಟಿರುತ್ತೀರಿ. ಸುಮಾರು 18 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಆ ಸಮುದ್ರದ ತಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇತ್ತು. ಸತ್ತ ಪ್ರಾಣಿ ತಳಕ್ಕೆ ಹೋದರೆ ಅದನ್ನು ಕಿತ್ತು ತಿನ್ನಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ಕೆಸರು ಅದರ ಮೇಲೆ ಕೂತು, ಒತ್ತಿ, ಕಪ್ಪು ಪದರಗಲ್ಲಾಯಿತು. ಮೂಳೆಗಳು ಇದ್ದ ಹಾಗೇ ಉಳಿದವು.

ಎರಡು ವರ್ಷದ ಹಿಂದೆ ಶಾಲೆಯಿಂದ ನಮ್ಮನ್ನು ಅಲ್ಲಿನ ಹೌಫ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. ಗೋಡೆಯ ಮೇಲೆ ಒಂದು ಮೊಸಳೆ ಇತ್ತು. ಹೆಸರು ಮ್ಯಾಕ್ರೋಸ್ಪಾಂಡಿಲಸ್ ಬೋಲೆನ್ಸಿಸ್. ಬೋಲೆನ್ಸಿಸ್ ಅಂದರೆ ಪಕ್ಕದ ಬೋಲ್ ಊರಿನದು ಅಂತ. ಉದ್ದ ಸಪೂರ ಮೂತಿ, ಅದರ ತುಂಬ ಸೂಜಿಯಂಥ ಹಲ್ಲು. ಬೆನ್ನ ಮೇಲೆ ಮೂಳೆಯ ಚಿಪ್ಪುಗಳ ಸಾಲು. ಮುಂಗಾಲು ಪುಟ್ಟದು, ಹಿಂಗಾಲು ದೊಡ್ಡದು. ನೋಡಿದರೆ ನಮ್ಮ ಗಂಗಾ ನದಿಯ ಘರಿಯಾಲ್ ನೆನಪಾಗುತ್ತದೆ. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಅಂದರೆ, ಬಸ್ಸಿಗೆ ತಡವಾಯಿತು ಅಂತ ಬೈಸಿಕೊಂಡೆ.

ಆ ಭಾನುವಾರ ಅಜ್ಜ ಫೋನ್ ಮಾಡಿದರು. ನಮ್ಮ ಅಜ್ಜ ದಾಂಡೇಲಿಯಲ್ಲಿದ್ದಾರೆ. ಅಲ್ಲಿನ ಕಾಳಿ ನದಿಯಲ್ಲಿ ಈಗಲೂ ಮೊಸಳೆಗಳಿವೆ. ಅಜ್ಜ ಚಿಕ್ಕಂದಿನಿಂದ ಅವುಗಳನ್ನು ನೋಡಿದವರು. ಮೊಸಳೆ ಅಂದ ಕೂಡಲೇ ಅವರ ಧ್ವನಿಯೇ ಬದಲಾಯಿತು. "ಹೌದೇನು? ಬಾಲ ಹೆಂಗಿತ್ತು? ಕಾಲು ಇದ್ವೇನು? ಮೈಮ್ಯಾಲೆ ಚಿಪ್ಪು?" ಅಂತ ಒಂದೇ ಸಮ ಕೇಳಿದರು.

ನನಗೆ ಎಲ್ಲ ಗೊತ್ತಿತ್ತು, ಜರ್ಮನ್‌ನಲ್ಲಿ. ಕನ್ನಡದಲ್ಲಿ ಬಂದದ್ದು ಒಂದೇ ವಾಕ್ಯ: "ದೊಡ್ಡ ಮೊಸಳೆ ಇತ್ತು ಅಜ್ಜ." ಆಮೇಲೆ ಸುಮ್ಮನಾದೆ. "ಯಾಕವಾ, ಸುಮ್ಮನಾದಿ?" ಅಂದರು. ನಾನು ಫೋನನ್ನು ಅಮ್ಮನ ಕೈಗೆ ಕೊಟ್ಟು ಕೋಣೆಗೆ ಹೋದೆ.

ಆಗ ನಾನು ಶನಿವಾರದ ಕನ್ನಡ ತರಗತಿಗೆ ಬರುವುದನ್ನು ನಿಲ್ಲಿಸಿದ್ದೆ. ಊರಿಗೆ ಹೋದಾಗ ನೆಂಟರೊಬ್ಬರು ನನ್ನ ಮಾತು ಕೇಳಿ ನಕ್ಕು, "ಇವಳದು ಅರ್ಧಂಬರ್ಧ ಕನ್ನಡ" ಅಂದಿದ್ದರು. ಅರ್ಧಂಬರ್ಧ ಮಾತಾಡುವುದಕ್ಕಿಂತ ಮಾತಾಡದಿರುವುದೇ ಮೇಲು ಅನ್ನಿಸಿತ್ತು. ಆದರೆ ಆ ರಾತ್ರಿ ಅಮ್ಮ ಬಂದು ಹೇಳಿದ್ದು ಇಷ್ಟೇ: "ಅಜ್ಜ ಕೇಳಿದರು, ನನ್ನ ಜೋಡಿ ಮಾತಾಡಕ ಆಕಿಗೆ ಬ್ಯಾಸರ ಏನು ಅಂತ."

ಮುಂದಿನ ಶನಿವಾರ ನಾನು ತರಗತಿಗೆ ಬಂದೆ. ಪುಸ್ತಕ ತಂದಿರಲಿಲ್ಲ, ಮೊಸಳೆಯ ಫೋಟೋ ತಂದಿದ್ದೆ. ಟೀಚರ್ ಪಾಠ ಬಿಟ್ಟು ನನ್ನ ಜೊತೆ ಕೂತರು. ಅವರಿಗೂ ಎಲ್ಲ ಪದ ಗೊತ್ತಿರಲಿಲ್ಲ, ನಿಘಂಟು ತೆಗೆದರು. ಪಳೆಯುಳಿಕೆ. ಪದರಗಲ್ಲು. ಸೊಂಟದ ಮೂಳೆ. ದೋಣಿಯ ಹುಟ್ಟಿನ ಹಾಗಿರುವ ಕಾಲು. "ಹುಟ್ಟು ಅಂದರೆ ಜನ್ಮ ಅಲ್ಲವಾ?" ಅಂತ ಕೇಳಿದೆ. ಎರಡೂ ಹೌದಂತೆ. ಅವತ್ತು ಆ ಪದ ಸಿಕ್ಕಿದ್ದಕ್ಕೆ ನನಗೆ ಆದ ಸಂತೋಷ ಯಾವ ಪರೀಕ್ಷೆಯ ಅಂಕಕ್ಕೂ ಆಗಿಲ್ಲ.

ಆಮೇಲೆ ಪ್ರತಿ ಭಾನುವಾರ ಅಜ್ಜನ ಪ್ರಶ್ನೆ, ಮುಂದಿನ ಭಾನುವಾರ ನನ್ನ ಉತ್ತರ. "ಉಪ್ಪುನೀರಾಗ ಹೆಂಗ ಬದುಕತಿದ್ವು?" ಅಂದರು. ಹುಡುಕಿದೆ. 2000ದಲ್ಲಿ ಅರ್ಜೆಂಟೀನಾದ ಮಾರ್ತಾ ಫೆರ್ನಾಂಡೆಸ್ ಮತ್ತು ಸುಲ್ಮಾ ಗಾಸ್ಪರೀನಿ ಎಂಬ ವಿಜ್ಞಾನಿಗಳು ಇಂಥ ಒಂದು ತಲೆಬುರುಡೆಯಲ್ಲಿ, ಕಣ್ಣಿನ ಮುಂದೆ, ಉಪ್ಪನ್ನು ಹೊರಹಾಕುವ ಗ್ರಂಥಿಗಳ ಅಚ್ಚು ಇದೆ ಅಂತ ತೋರಿಸಿದರು. "ತತ್ತಿ ಎಲ್ಲಿ ಇಡತಿದ್ವು?" ಅಂದರು. ತತ್ತಿ ಅಂದರೆ ಮೊಟ್ಟೆ ಅಂತ ಮೊದಲು ಅದನ್ನು ತಿಳಿದುಕೊಳ್ಳಬೇಕಾಯಿತು. ಪೂರ್ತಿ ಸಮುದ್ರವಾಸಿಯಾದ ಕ್ರಿಕೋಸಾರಸ್‌ನ ಸೊಂಟದ ಮೂಳೆಯ ನಡುವಿನ ದಾರಿ ಅಗಲವಾಗಿದೆ. ಹಾಗಾಗಿ ಅದು ಮೊಟ್ಟೆ ಇಡದೆ ನೀರಿನಲ್ಲೇ ಮರಿ ಹಾಕುತ್ತಿದ್ದಿರಬಹುದು ಅಂತ 2017ರ ಒಂದು ಸಂಶೋಧನೆ ಹೇಳುತ್ತದೆ. ಅಜ್ಜ ಒಪ್ಪಲಿಲ್ಲ. "ಮರಿ ಹಾಕೋ ಮೊಸಳಿ ನಾ ನೋಡಿಲ್ಲ" ಅಂದರು.

ಈ ಗುಂಪಿಗೆ ಹೆಸರಿಟ್ಟವರು ನಮ್ಮ ಸ್ಟುಟ್‌ಗಾರ್ಟ್‌ನವರೇ, ಎಬರ್‌ಹಾರ್ಡ್ ಫ್ರಾಸ್, 1901ರಲ್ಲಿ. ತಲಾಟ್ಟೋಸೂಕಿಯಾ ಅಂದರೆ ಗ್ರೀಕ್‌ನಲ್ಲಿ ಕಡಲ ಮೊಸಳೆಗಳು. ಅವುಗಳಲ್ಲಿ ಎರಡು ಮುಖ್ಯ ಬಗೆ. ಒಂದು, ನಾನು ಹೋಲ್ಟ್ಸ್‌ಮಾಡನ್‌ನಲ್ಲಿ ನೋಡಿದ್ದು. ಚಿಪ್ಪು ಇತ್ತು, ಕಾಲಿತ್ತು, ದಡಕ್ಕೂ ಬರಬಲ್ಲದು. ಇನ್ನೊಂದು ಕ್ರಿಕೋಸಾರಸ್‌ನ ಬಗೆ. ಅದು ಚಿಪ್ಪು ಕಳೆದುಕೊಂಡಿತು, ಕಾಲು ಹುಟ್ಟಿನಂತಾಯಿತು, ಬಾಲದ ತುದಿ ಮೀನಿನ ಬಾಲದಂತಾಯಿತು.

ಎಡಿನ್‌ಬರಾದ ಜೂಲಿಯಾ ಶ್ವಾಬ್ ಮತ್ತು ಸಂಗಡಿಗರು 2020ರಲ್ಲಿ ಇವುಗಳ ತಲೆಬುರುಡೆಗಳನ್ನು ಸ್ಕ್ಯಾನ್ ಮಾಡಿ ಒಳಕಿವಿಯನ್ನು ನೋಡಿದರು. ಮೈಯ ಸಮತೋಲ ಕಾಯುವುದು ಒಳಕಿವಿ. ತಿಮಿಂಗಿಲಗಳ ಪೂರ್ವಜರು ನೀರಿಗಿಳಿದ ಮೇಲೆ ಅವುಗಳ ಒಳಕಿವಿ ಬೇಗ ಬದಲಾಯಿತು. ಮೊಸಳೆಯ ಈ ನೆಂಟರು ಹಾಗಲ್ಲ. ಅರ್ಧ ನೆಲ, ಅರ್ಧ ನೀರು ಅನ್ನುವ ಬದುಕಿನಲ್ಲಿ ಬಹಳ ಕಾಲ ಇದ್ದರು.

ಅದನ್ನು ಓದಿದಾಗ ನನಗೆ ಆ "ಅರ್ಧಂಬರ್ಧ" ನೆನಪಾಯಿತು. ಹೋಲ್ಟ್ಸ್‌ಮಾಡನ್‌ನ ಆ ಪ್ರಾಣಿ ಅರ್ಧ ತಯಾರಾದ ಮೊಸಳೆ ಆಗಿರಲಿಲ್ಲ. ಅದು ಪೂರ್ತಿ ಪ್ರಾಣಿಯೇ. ಅದರ ಬಳಗದವರು ಹಾಗೆಯೇ ಕೋಟ್ಯಂತರ ವರ್ಷ ಬದುಕಿದರು. ನಾನೂ ಇಲ್ಲಿ ಜರ್ಮನ್, ಮನೆಯಲ್ಲಿ ಕನ್ನಡ. ಅದು ಕೊರತೆ ಅಲ್ಲ ಅಂತ ನನಗೆ ಅವತ್ತು ಅನ್ನಿಸಿತು.

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಅವುಗಳ ಮೈ ಬದಲಾಗಲು ಲಕ್ಷಾಂತರ ತಲೆಮಾರು ಬೇಕಾಯಿತು. ಮನೆಯಿಂದ ಒಂದು ಭಾಷೆ ಹೋಗಲು ಒಂದು ತಲೆಮಾರು ಸಾಕು. ನಾನು ಫೋನನ್ನು ಅಮ್ಮನ ಕೈಗೆ ಕೊಟ್ಟ ಆ ಸಂಜೆ ನಮ್ಮ ಮನೆಯಲ್ಲಿ ಅದು ಶುರುವಾಗಿತ್ತು.

ಅದಕ್ಕೇ ಹಿರಿಯರಲ್ಲಿ ಮೂರು ಕೋರಿಕೆ. ನಾವು ಜರ್ಮನ್‌ನಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡದಲ್ಲೇ ಮಾತು ಮುಂದುವರಿಸಿ. ಬಾಯಿ ಕೈಕೊಟ್ಟರೂ ಕಿವಿ ಕೇಳುತ್ತಿರುತ್ತದೆ. ನಾವು ತಪ್ಪಿದರೆ ತಿದ್ದಿ, ನಗಬೇಡಿ. ಟೀಚರ್‌ಗಳೇ, ಹಣ್ಣು, ಹೂವು, ಹಬ್ಬದ ಹೆಸರು ಎಲ್ಲ ಕಲಿಸಿದ್ದೀರಿ, ಋಣಿ. ದೊಡ್ಡ ಮಕ್ಕಳಿಗೆ ಅವರವರ ಹುಚ್ಚಿನ ಪದಗಳನ್ನೂ ಹುಡುಕಿಕೊಡಿ. ಒಬ್ಬನಿಗೆ ಫುಟ್ಬಾಲ್, ಒಬ್ಬಳಿಗೆ ರಾಕೆಟ್, ನನಗೆ ಮೊಸಳೆ.

ನಾಳೆ ಭಾನುವಾರ. ಅಜ್ಜನಿಗೆ ಈ ಭಾಷಣವನ್ನು ಫೋನಿನಲ್ಲಿ ಓದಿ ಹೇಳಬೇಕು. ಮರಿ ಹಾಕುವ ಮೊಸಳೆಯ ವಿಷಯ ಬಂದಾಗ ಮತ್ತೆ ಜಗಳ ಆಗುತ್ತದೆ. ಆಗಲಿ, ನನ್ನ ಹತ್ತಿರ ಈಗ ಪದಗಳಿವೆ.